ನಾನು ಕೈಪಿಡಿ ಬರೆದ ಕಥೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ದೂರವಾಣಿ ಮಾಡಿದ್ದನು. ಕುಶಲ ಪ್ರಶ್ನೆಗಳಾದ ಬಳಿಕ, "ಸರ್, ನಮ್ಮ ಆಫೀಸಿನ್ಯಾಗ ಹೊಸಾ ಹುಡುಗರಿಗೆ ಸಾಫ್ಟ್‌ವೇರ್ ಬಗ್ಗೆ ಬರೆಯೋದು ಕಲಿಸ್ಬೇಕಾಗೇತ್ರಿ. ಮಾಡೋದು ಚೊಲೋ ಮಾಡ್ತಾರ, ಆದ್ರ ಮಾಡಿದ್ದನ್ನ ಬರೆದಿಡಾಕ ಬರೂದಿಲ್ರಿ. ನೀವು ನಮಗ ಪ್ರಬಂಧ ಕಲಿಸಿದವ್ರು, ನಾಲ್ಕು ಮಾತು ಹೇಳ್ರಿ" ಎಂದನು. ನಾನು ನಕ್ಕೆ. ಈ ವಿಷಯದಲ್ಲಿ ನಾನು ಹೇಳಬಹುದಾದ ಮೊದಲನೆಯ ಮಾತೆಂದರೆ, ನಾನು ಕಲಿಸಿದ್ದನ್ನು ಮರೆತುಬಿಡು ಎಂಬುದೇ ಆಗಿತ್ತು. ಏಕೆ ಹಾಗೆ ಎಂಬುದನ್ನು ದೂರವಾಣಿಯಲ್ಲಿ ವಿವರಿಸಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪಿನ ನಿವೇದನೆಯೂ ಸೇರಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಹೇಳುವುದಿಲ್ಲ.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನೆನಪಿರಬಹುದು. ಹತ್ತು ಅಂಕದ ಪ್ರಬಂಧವೆಂದರೆ ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಇರಲೇಬೇಕು. ಎರಡು ಪುಟ ತುಂಬದ ಪ್ರಬಂಧಕ್ಕೆ ನಾನು ಐದರ ಮೇಲೆ ಅಂಕ ಹಾಕುತ್ತಿರಲಿಲ್ಲ. ಒಂದೇ ಪದವನ್ನು ಎರಡು ಸಲ ಬಳಸಿದರೆ ಕೆಂಪು ಶಾಯಿಯಲ್ಲಿ 'ಪುನರುಕ್ತಿ' ಎಂದು ಬರೆಯುತ್ತಿದ್ದೆ. ಸೂರ್ಯ ಎಂದು ಒಮ್ಮೆ ಬರೆದವನು ಮುಂದಿನ ಸಾಲಿನಲ್ಲಿ ರವಿ ಎನ್ನಬೇಕು, ಅದರ ಮುಂದೆ ಭಾಸ್ಕರ ಎನ್ನಬೇಕು. ಪದಸಂಪತ್ತು ಬೆಳೆಯಲೆಂಬುದು ನನ್ನ ಉದ್ದೇಶವಾಗಿತ್ತು. ಅದು ತಪ್ಪೆಂದು ಈಗಲೂ ಹೇಳಲಾರೆ. ಆದರೆ ಯಾವ ಬರಹಕ್ಕೆ ಯಾವ ಗುಣ ಬೇಕು ಎಂಬ ವಿವೇಕವನ್ನು ಅದರ ಜೊತೆಗೇ ಕಲಿಸಬೇಕಾಗಿತ್ತು. ಅದನ್ನು ನಾನು ಕಲಿಸಲಿಲ್ಲ, ಏಕೆಂದರೆ ಅದು ನನಗೇ ತಿಳಿದಿರಲಿಲ್ಲ.

ನಿವೃತ್ತಿಯ ನಂತರ ನಾನು ಗಣಕಯಂತ್ರದ ಮುಂದೆ ಕುಳಿತೆ. ಕನ್ನಡದಲ್ಲಿ ಬೆರಳಚ್ಚಿಸಲು 'ನುಡಿ' ತಂತ್ರಾಂಶವನ್ನು ಹಾಕಿಕೊಟ್ಟವನು ಒಬ್ಬ ಶಿಷ್ಯ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಅದರಲ್ಲಿದೆ. ಆ ಹುಡುಗನು ಊರಿಗೆ ಹೊರಡುವ ಅವಸರದಲ್ಲಿ ನನ್ನ ಡೈರಿಯ ಹಾಳೆಯೊಂದರ ಹಿಂದೆ ಐದಾರು ಸಾಲು ಗೀಚಿಕೊಟ್ಟಿದ್ದನು. ಕೆ ಒತ್ತಿದರೆ ಕ. ದೊಡ್ಡ ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಉದಾಹರಣೆಗೆ 'ಅಕ್ಕ' ಎಂದು ಬರೆಯಲು ಎ, ಕೆ, ಎಫ್, ಕೆ. ಇಷ್ಟೇ. ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಹದಿನೈದು ದಿನಗಳಲ್ಲಿ ನಾನು ಕನ್ನಡ ಬರೆಯಲು ಕಲಿತೆ. ತಂತ್ರಾಂಶದ ಬಗ್ಗೆ ನಾನು ಕಂಡ ಮೊದಲನೆಯ ಉತ್ತಮ ಬರಹ ಅದೇ. ಆದರೆ ಅದನ್ನು 'ಬರಹ' ಎಂದು ನಾನು ಎಣಿಸಿರಲೇ ಇಲ್ಲ. ಅವಸರದ ಗೀಚು ಎಂದುಕೊಂಡಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಏಳೆಂಟು ವರ್ಷಗಳ ಹಿಂದಿನ ಮಾತು. ಗಬ್ಬೂರಿನ ಆಸುಪಾಸಿನ ಮೂರು ಹಳ್ಳಿಗಳಲ್ಲಿ ಮಹಿಳೆಯರ ಒಂಬತ್ತು ಸ್ವಸಹಾಯ ಸಂಘಗಳ ಲೆಕ್ಕವನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆಯುತ್ತಿದ್ದಳು. ಹತ್ತನೆಯ ತರಗತಿ ಮುಗಿದೊಡನೆ ಮದುವೆಯಾದವಳು. ಅಕ್ಷರ ಮುತ್ತಿನಂಥದು, ಲೆಕ್ಕ ಚೊಕ್ಕ. ವಾರದ ಉಳಿತಾಯ, ಸಾಲ, ಸಾಲದ ಕಂತು, ಬಡ್ಡಿ ಇವೆಲ್ಲವನ್ನೂ ಒಂಬತ್ತು ರಿಜಿಸ್ಟರುಗಳಲ್ಲಿ ಬರೆದು ಬರೆದು ಅವಳ ಬೆರಳು ಸವೆದಿದ್ದವು. ಅವಳ ತರಗತಿಯಲ್ಲೇ ಓದಿ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ ಮಾಡುತ್ತಿದ್ದವನು ಇದನ್ನು ಕಂಡು, ರಜೆಯ ದಿನಗಳಲ್ಲಿ ಕುಳಿತು ಅವಳಿಗಾಗಿ ಸಣ್ಣ ತಂತ್ರಾಂಶವೊಂದನ್ನು ಮಾಡಿಕೊಟ್ಟನು. ಬಿಡಿಗಾಸನ್ನೂ ಕೇಳಲಿಲ್ಲ. ಹೇಗೆ ಬಳಸಬೇಕೆಂದು ದೂರವಾಣಿಯಲ್ಲೇ ಹೇಳಿಕೊಟ್ಟನು. ಅದರ ಗುಂಡಿಗಳ ಮೇಲೆ 'ಸೇವ್', 'ಕಾಪಿ', 'ನ್ಯೂ ಇಯರ್' ಎಂದೆಲ್ಲ ಇಂಗ್ಲಿಷ್ ಪದಗಳಿದ್ದವು. ಆರು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು.

ಆಗ ಅವನಿಗೆ, ಬೇರೆ ಊರುಗಳ ಸಂಘಗಳಿಗೂ ಇದನ್ನು ಕೊಡಬಹುದಲ್ಲ, ಕನ್ನಡದಲ್ಲಿ ಒಂದು ಕೈಪಿಡಿ ಇದ್ದರೆ ಒಳ್ಳೆಯದು ಎನಿಸಿತು. ಕೈಪಿಡಿಯನ್ನು ಬರೆಯಲು ನನ್ನನ್ನು ಕೇಳಿಕೊಂಡನು. ಗುಂಡಿಗಳ ಹೆಸರುಗಳನ್ನೂ ಕನ್ನಡಕ್ಕೆ ತರುವ ಕೆಲಸ ನನ್ನದಾಯಿತು. ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದವನಿಗೆ ತಂತ್ರಾಂಶದ ಲೋಕದಲ್ಲೊಂದು ಕನ್ನಡದ ಕೆಲಸ ಸಿಕ್ಕಿತ್ತು. ಎರಡು ತಿಂಗಳು ಕುಳಿತು 31 ಪುಟಗಳ ಕೈಪಿಡಿಯನ್ನು ಬರೆದೆ. ಮೊದಲ ನಾಲ್ಕು ಪುಟಗಳಲ್ಲಿ ಸಹಕಾರ ತತ್ತ್ವದ ಮಹಿಮೆ. ನಂತರದ ಮೂರು ಪುಟಗಳಲ್ಲಿ ಗಣಕಯಂತ್ರದ ಇತಿಹಾಸ. ಆಮೇಲೆ ತಂತ್ರಾಂಶದ ಪರಿಚಯ. 'ಸೇವ್' ಎಂಬಲ್ಲಿ 'ಉಳಿಸಿ' ಎಂದು ಹಾಕಿದೆ. ಅದೇನೂ ನನ್ನ ಸೃಷ್ಟಿಯಲ್ಲ. ಕನ್ನಡದ ತಂತ್ರಾಂಶಗಳಲ್ಲಿ ಆ ಪದವೇ ರೂಢಿಯಲ್ಲಿದೆ. ಹೊಸ ಗುಂಡಿಗಳಿದ್ದ ತಂತ್ರಾಂಶವೂ ಕೈಪಿಡಿಯೂ ಜನವರಿಯಲ್ಲಿ ಅವಳ ಕೈ ಸೇರಿದವು. "ಸರ್ ಬರೆದಾರ" ಎಂದು ಅವಳು ಅದಕ್ಕೆ ರಟ್ಟು ಹಾಕಿಸಿ ಇಟ್ಟುಕೊಂಡಳಂತೆ.

ಮಾರ್ಚ್ ತಿಂಗಳ ಕೊನೆಯ ದಿನ ಅವಳು 'ಹೊಸ ವರ್ಷ' ಎಂಬ ಗುಂಡಿಯನ್ನು ಒತ್ತಿದಳು. ಏಪ್ರಿಲ್ ಮೊದಲ ವಾರದ ಸಭೆಯಲ್ಲಿ ಪಟ್ಟಿಯನ್ನು ಓದಿದಾಗ ಸಾಲ ಪಡೆದ ಯಾರ ಹೆಸರಿನಲ್ಲೂ ಮೂರು ತಿಂಗಳ ಕಂತು ಇರಲಿಲ್ಲ. ಉಳಿತಾಯ ಸರಿಯಾಗಿತ್ತು, ಕಂತು ಮಾಯವಾಗಿತ್ತು. ಹಣ ಕಟ್ಟಿದವರು ಸುಮ್ಮನಿದ್ದಾರೆಯೇ? "ನಾವು ಕಟ್ಟಿದ ರೊಕ್ಕ ಎಲ್ಲಿಗ್ಹೋತು?" ಎಂದು ಒಬ್ಬಳು ಕೇಳಿದಳು. ಮತ್ತೊಬ್ಬಳು ಅವಳ ಮನೆಗೆ ಆ ವರ್ಷ ಹೊಸ ತಗಡು ಹಾಕಿಸಿದ್ದನ್ನು ನೆನಪಿಸಿದಳು. ಹಳ್ಳಿಯಲ್ಲಿ ಇಂಥ ಮಾತಿಗೆ ರೆಕ್ಕೆ ಬರಲು ಎಷ್ಟು ಹೊತ್ತು? ಸಂಜೆಯ ವೇಳೆಗೆ ಅದು ಮೂರೂ ಊರುಗಳನ್ನು ಮುಟ್ಟಿತ್ತು.

ಮರುದಿನ ಬೆಳಿಗ್ಗೆ ಅವಳು ಗಂಡನೊಂದಿಗೆ ನಮ್ಮ ಮನೆಗೆ ಬಂದಳು. ಅಳಲಿಲ್ಲ. ಕೈಪಿಡಿಯನ್ನು ನನ್ನ ಮುಂದಿಟ್ಟು, "ಸರ್, ಇದರಾಗ ಎಲ್ಲಾ ಐತ್ರಿ. ಆದ್ರ ನಾ ಎಲ್ಲಿ ತಪ್ಪಿದೆ ಅನ್ನೋದು ಸಿಗವಲ್ದು. ನೀವ ತೋರಸ್ರಿ" ಎಂದಳು.

ನಾನು ತೋರಿಸಲು ಹೊರಟೆ. ನಾನು ಬರೆದ ಪುಸ್ತಕದಲ್ಲಿ ನನಗೇ ಅದು ಸಿಗಲಿಲ್ಲ. ಹುಡುಕಿ ಹುಡುಕಿ ಹತ್ತೊಂಬತ್ತನೆಯ ಪುಟದಲ್ಲಿ, ಒಂದು ಉದ್ದನೆಯ ಪರಿಚ್ಛೇದದ ನಡುವೆ ಸಿಕ್ಕಿತು. ವರ್ಷಾಂತ್ಯದ ಪ್ರಕ್ರಿಯೆಗೆ ಮುನ್ನ ಸಮಸ್ತ ನಮೂದುಗಳನ್ನೂ ಉಳಿಸಿರುವುದನ್ನು ಖಚಿತಪಡಿಸಿಕೊಂಡು ಪ್ರತಿಯೊಂದನ್ನು ತೆಗೆದಿರಿಸಿಕೊಳ್ಳುವುದು ಪ್ರಾಜ್ಞ ಬಳಕೆದಾರರ ಲಕ್ಷಣವೆಂದು ನಾನು ಬರೆದಿದ್ದೆ. ಮಾಡದಿದ್ದರೆ ಏನಾಗುವುದೆಂದು ಬರೆದಿರಲಿಲ್ಲ. ಆ ವಾಕ್ಯವನ್ನು ಬರೆದ ದಿನ ನನಗೆ ಅದರ ಲಯ ಬಹಳ ಮೆಚ್ಚಿಗೆಯಾಗಿತ್ತೆಂಬುದೂ ನೆನಪಾಯಿತು.

"ಉಳಿಸಿ ಅಂತ ಗುಂಡಿ ಇತ್ತಲ್ಲಮ್ಮಾ, ಅದನ್ನು ಒತ್ತಲಿಲ್ಲವೇ?" ಎಂದು ಕೇಳಿದೆ.

"ಒತ್ತೀನ್ರಿ ಸರ್. ಉಳಿತಾಯ ಬರೆದಾಗೆಲ್ಲ ಒತ್ತೀನಿ. ಕಂತಿಗೆ ಯಾಕ ಒತ್ತಬೇಕು? ಕಂತು ಉಳಿತಾಯ ಅಲ್ಲಲ್ರಿ."

ನಾನು ಮೂಕನಾದೆ. ಸಂಘದ ಹೆಣ್ಣುಮಕ್ಕಳ ಬಾಯಲ್ಲಿ 'ಉಳಿಸು' ಎಂದರೆ ವಾರವಾರವೂ ಹಣ ಕೂಡಿಡುವುದು. ಗಣಕದ ಕನ್ನಡದಲ್ಲಿ ಅದೇ ಪದಕ್ಕೆ ಬೇರೆಯ ಅರ್ಥ. ಒಂದೇ ಪರದೆಯ ಮೇಲೆ 'ಉಳಿತಾಯ' ಎಂಬ ಮನೆಯನ್ನೂ 'ಉಳಿಸಿ' ಎಂಬ ಗುಂಡಿಯನ್ನೂ ಇಟ್ಟವನು ನಾನು. ಅವಳು ಕನ್ನಡ ಬಲ್ಲವಳು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಹಾಗೆಯೇ ಮಾಡಿಕೊಂಡಿದ್ದಳು. ಮೂರು ತಿಂಗಳ ಕಂತುಗಳೆಲ್ಲ ಕರಡಾಗಿಯೇ ಉಳಿದಿದ್ದವು. 'ಹೊಸ ವರ್ಷ' ಗುಂಡಿಯು ಕರಡುಗಳನ್ನೆಲ್ಲ ಅಳಿಸಿಹಾಕಿತ್ತು. ಮೊದಲ ಆರು ತಿಂಗಳು 'ಸೇವ್' ಎಂದಿದ್ದಾಗ ಈ ತೊಡಕೇ ಇರಲಿಲ್ಲ.

ಆ ಏಪ್ರಿಲ್ ತಿಂಗಳಲ್ಲಿ ಹನ್ನೊಂದು ಸಂಜೆ ನಮ್ಮ ಮನೆಯ ಅಂಗಳದಲ್ಲಿ ಕುಳಿತು ಲೆಕ್ಕವನ್ನು ಮತ್ತೆ ಕಟ್ಟಿದೆವು. ರಾಯಚೂರು ಸೀಮೆಯ ಬಿಸಿಲು ನಿಮಗೆಲ್ಲ ಗೊತ್ತಿದ್ದದ್ದೇ. ಹೊತ್ತು ಮುಳುಗಿದ ಮೇಲೂ ಕಲ್ಲುಹಾಸು ಕಾಯ್ದಿರುತ್ತಿತ್ತು. ಅವಳು ಸದಸ್ಯರ ಪಾಸ್‌ಬುಕ್ಕುಗಳನ್ನು ಕೇಳಿ ತಂದಳು. ಸಭೆಯ ನಡವಳಿ ಪುಸ್ತಕವೂ ಇತ್ತು. ಅವಳು ಓದುವಳು, ನಾನು ಬರೆಯುವೆನು, ನನ್ನ ಹೆಂಡತಿ ಕೂಡಿಸುವಳು. ಕೊನೆಗೆ ಒಂಬತ್ತೂ ಸಂಘಗಳ ಲೆಕ್ಕ ರೂಪಾಯಿಗೆ ರೂಪಾಯಿ ತಾಳೆಯಾಯಿತು. ನಾನು ಒಂಬತ್ತು ಸಭೆಗಳಿಗೂ ಹೋಗಿ, ತಪ್ಪು ಪುಸ್ತಕ ಬರೆದವನದು, ಲೆಕ್ಕ ಬರೆದವಳದಲ್ಲ ಎಂದು ಎದ್ದು ನಿಂತು ಹೇಳಿದೆ. ಬಹಳ ಜನ ಒಪ್ಪಿದರು. ತಗಡಿನ ಮಾತೆತ್ತಿದವಳು ಮಾತ್ರ ಸಂಘವನ್ನು ಬಿಟ್ಟಳು, ಮತ್ತೆ ಬರಲಿಲ್ಲ. ಅವರಿಬ್ಬರೂ ಒಂದೇ ಓಣಿಯವರು. ಈಗಲೂ ಮಾತಿಲ್ಲ.

ಇದಿಷ್ಟು ನಡೆದದ್ದು. ಇದರಿಂದ ನಾನು ಕಲಿತದ್ದನ್ನು ಮುಂದೆ ಹೇಳುತ್ತೇನೆ.

ಗಬ್ಬೂರು ಹಳೆಯ ಊರು. ಒಂದು ಕಾಲಕ್ಕೆ ವಿದ್ಯಾಕೇಂದ್ರವಾಗಿದ್ದುದೆಂದು ಪ್ರತೀತಿ. ಮಳೆ ಶಂಕರ, ವೆಂಕಟೇಶ್ವರ, ಬಂಗಾರ ಬಸಪ್ಪ ಮೊದಲಾದ ಗುಡಿಗಳೂ ಪ್ರಾಚೀನ ಶಾಸನಗಳೂ ಇಲ್ಲಿವೆ. ನಿಮ್ಮನ್ನೆಲ್ಲ ನಾನು ಶಾಸನ ತೋರಿಸಲು ಕರೆದುಕೊಂಡು ಹೋಗುತ್ತಿದ್ದೆನಷ್ಟೆ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳ ಕ್ರಮವನ್ನು ನೋಡಿ. ಮೊದಲು ದೇವತಾಸ್ತುತಿ ಮತ್ತು ರಾಜನ ಬಿರುದಾವಳಿ. ಅನಂತರ ಕಾಲ, ದಾನಿ, ದಾನ ಪಡೆದವರು, ಇಷ್ಟು ಮತ್ತರು ಭೂಮಿ, ಅದರ ಎಲ್ಲೆಗಳು. ಕೊನೆಗೆ ದಾನವನ್ನು ಅಳಿಸಿದವರಿಗೆ ಶಾಪ. ಮುಂದೊಂದು ದಿನ ಹೊಲದ ಬಗ್ಗೆ ತಕರಾರು ಬಂದಾಗ ಊರವರು ಓದಬೇಕಾದದ್ದು ಬಿರುದಾವಳಿಯನ್ನಲ್ಲ. ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಹಳ್ಳ ಎಂಬುದನ್ನು. ಅದನ್ನು ಕೆತ್ತಿಸಿದವರು ಒಂದು ಅಕ್ಷರವನ್ನೂ ವ್ಯರ್ಥ ಮಾಡುತ್ತಿರಲಿಲ್ಲ, ಕಲ್ಲು ಕೆತ್ತುವುದು ಸುಲಭದ ಕೆಲಸವಲ್ಲ. ನನ್ನ 31 ಪುಟಗಳಲ್ಲಿ ಬಿರುದಾವಳಿ ಬಹಳವಿತ್ತು, ಎಲ್ಲೆಗಳು ಕಡಿಮೆಯಿದ್ದವು. ಶಾಪವನ್ನು, ಅಂದರೆ ಎಚ್ಚರಿಕೆಯನ್ನು, ಅನಾಹುತಕ್ಕೆ ಮುಂಚೆ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದೆ.

ಬರೆದವರು ಯಾರು, ಯಾವಾಗ ಎಂಬುದನ್ನು ಹೇಳುವುದು ಎಷ್ಟು ಮುಖ್ಯವೆಂದು ತಿಳಿಯಲು ನಮ್ಮ ಜಿಲ್ಲೆಯ ಮಸ್ಕಿಯನ್ನೇ ನೆನೆಯಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ದೇಶದ ಉದ್ದಗಲಕ್ಕೂ ಸಿಕ್ಕ ಆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿತ್ತೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಅವನೇ ಇವನೆಂದು ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಗುರುತಿಸಿದಾಗ ಅದರಲ್ಲಿ ಆ ಹೆಸರೇ ಇತ್ತು. ಒಂದು ಪದವು ದೊಡ್ಡ ಸಂದೇಹವನ್ನು ನಿವಾರಿಸಿತು. ತಂತ್ರಾಂಶದ ಬರಹಕ್ಕೂ ಈ ಒಂದು ಸಾಲು ಬೇಕು: ಇದು ಯಾವ ಆವೃತ್ತಿಗೆ, ಎಂದು ಬರೆದದ್ದು, ಸಂದೇಹ ಬಂದರೆ ಯಾರನ್ನು ಕೇಳಬೇಕು. ನನ್ನ ಕೈಪಿಡಿಯಲ್ಲಿ ದಿನಾಂಕವೇ ಇರಲಿಲ್ಲ.

ಸಂಕ್ಷಿಪ್ತವಾಗಿ ಬರೆಯುವುದು ಕನ್ನಡಕ್ಕೆ ಹೊಸತೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ನಾನೇ ನಿಮಗೆ ಪರಿಚಯಿಸಿದ್ದೆ. ಅದರ ಏರ್ಪಾಟನ್ನು ನೆನಪಿಸಿಕೊಳ್ಳಿ. ಕಂದಪದ್ಯದಲ್ಲಿ ಸೂತ್ರ, ಅದರ ಕೆಳಗೆ ಗದ್ಯದಲ್ಲಿ ವೃತ್ತಿ, ಅದರ ಕೆಳಗೆ ಹಿಂದಿನ ಕವಿಗಳಿಂದ ಪ್ರಯೋಗ. ನಿಯಮ, ವಿವರಣೆ, ಉದಾಹರಣೆ. ನಿಯಮವನ್ನು ಬಲ್ಲವನು ಸೂತ್ರವನ್ನಷ್ಟೇ ನೋಡಿ ಮುಂದೆ ಹೋಗುತ್ತಾನೆ. ತಿಳಿಯದವನು ವೃತ್ತಿಯನ್ನು ಓದುತ್ತಾನೆ. ಆಗಲೂ ತಿಳಿಯದವನಿಗೆ ಪ್ರಯೋಗವಿದೆ. 1604ರ ಭಟ್ಟಾಕಳಂಕನು 'ಶಬ್ದಾನುಶಾಸನ'ದಲ್ಲಿ ಇಡೀ ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಅಡಕಗೊಳಿಸಿ, ವಿವರಣೆಯನ್ನು ಪ್ರತ್ಯೇಕ ವೃತ್ತಿಯಲ್ಲಿ ಇಟ್ಟನು. ಇವನ್ನೆಲ್ಲ ಪಾಠ ಹೇಳಿದ ನಾನು ನನ್ನ ಕೈಪಿಡಿಯಲ್ಲಿ ಮೂರನ್ನೂ ಕಲಸಿ ಮುದ್ದೆ ಮಾಡಿದ್ದೆ.

ಬೆಂಗಳೂರಿನ ಶಿಷ್ಯನು ಆ ಬೇಸಗೆಯಲ್ಲಿ ಊರಿಗೆ ಬಂದಾಗ ತನ್ನ ವೃತ್ತಿಯ ಕೆಲವು ಸಂಗತಿಗಳನ್ನು ಹೇಳಿದನು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ಯೂನಿಕ್ಸ್ ವ್ಯವಸ್ಥೆಗೆ ಬರೆದ ಕೈಪಿಡಿಯ ಮೊದಲ ಆವೃತ್ತಿಗೆ 1971ರ ನವೆಂಬರ್ 3ರ ದಿನಾಂಕವಿದೆ. ಅದರಲ್ಲಿ ಪ್ರತಿಯೊಂದು ಆದೇಶಕ್ಕೂ ಒಂದೇ ಬಗೆಯ ಶೀರ್ಷಿಕೆಗಳು: ಹೆಸರು, ಬಳಸುವ ರೂಪ, ವಿವರಣೆ, ಸಂಬಂಧಿಸಿದ ಕಡತಗಳು, ಇದನ್ನೂ ನೋಡಿ ಎಂಬ ಸೂಚನೆ, ಮತ್ತು 'ದೋಷಗಳು'. ತಾವು ಮಾಡಿದ್ದರಲ್ಲಿ ಇಂತಿಂಥ ಕೊರತೆ ಇದೆಯೆಂದು ಮಾಡಿದವರೇ ಬರೆದಿಟ್ಟಿದ್ದಾರೆ. ಇದು ನನಗೆ ಬಹಳ ಹಿಡಿಸಿತು. ನಮ್ಮ ರೈತರು ಪಹಣಿಯನ್ನು ಓದುವ ಬಗೆಯೂ ಇಂಥದೇ. ಸಾಲದ ಬೋಜ ಇದೆಯೇ ಎಂದು ನೋಡಬೇಕಾದರೆ ಇಡೀ ಹಾಳೆಯನ್ನು ಓದದೆ ನೇರವಾಗಿ ಹನ್ನೊಂದನೆಯ ಕಲಮಿಗೆ ಬೆರಳಿಡುತ್ತಾರೆ. ಯಾವುದು ಎಲ್ಲಿರುತ್ತದೆ ಎಂಬುದು ಬದಲಾಗದಿದ್ದರೆ ಓದುವವನ ಅರ್ಧ ಶ್ರಮ ಉಳಿಯುತ್ತದೆ.

2001ರಲ್ಲಿ ಹದಿನೇಳು ಮಂದಿ ತಂತ್ರಾಂಶ ತಜ್ಞರು ಅಮೆರಿಕದ ಯೂಟಾದಲ್ಲಿ ಸೇರಿ ಹೊರಡಿಸಿದ 'ಅಜೈಲ್' ಘೋಷಣೆಯು, ಸಮಗ್ರ ದಸ್ತಾವೇಜಿಗಿಂತ ಕೆಲಸ ಮಾಡುವ ತಂತ್ರಾಂಶಕ್ಕೆ ಹೆಚ್ಚಿನ ಬೆಲೆ ಕೊಟ್ಟಿತಂತೆ. ಬಹಳ ಹುಡುಗರು ಅದನ್ನು 'ಬರೆಯುವುದೇ ಬೇಡ' ಎಂದು ಅರ್ಥಮಾಡಿಕೊಂಡಿದ್ದಾರೆಂದು ಅವನು ನೊಂದುಕೊಂಡನು. ಬೆಲೆ ಕಡಿಮೆ ಎಂದರೆ ಬೆಲೆಯೇ ಇಲ್ಲವೆಂದಲ್ಲ. ಬರೆಯದೆ ಬಿಟ್ಟರೆ ಮಾಡಿದವನು ಕೆಲಸ ಬಿಟ್ಟ ದಿನ ಅವನ ಜ್ಞಾನವೂ ಅವನ ಹಿಂದೆಯೇ ಹೊರಟುಹೋಗುತ್ತದೆ. ನನ್ನಂತೆ ಅತಿಯಾಗಿ ಬರೆದರೆ ಬೇಕಾದದ್ದು ಬೇಡವಾದದ್ದರಲ್ಲಿ ಹೂತುಹೋಗುತ್ತದೆ.

ಡ್ಯಾನಿಯೆಲೆ ಪ್ರೊಚಿಡಾ ಎಂಬವರು ಇಂಥ ಬರಹವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಹೊಸಬನನ್ನು ಕೈಹಿಡಿದು ನಡೆಸುವ ಪಾಠ, ನಿರ್ದಿಷ್ಟ ಕೆಲಸವೊಂದನ್ನು ಮಾಡುವ ಬಗೆ, ಬೇಕಾದಾಗ ತೆಗೆದು ನೋಡುವ ಕೋಶ, ಏಕೆ ಹೀಗೆ ಎಂದು ತಿಳಿಸುವ ವಿವರಣೆ. ನಾಲ್ಕನ್ನೂ ಬೆರೆಸಬಾರದೆಂಬುದು ಅವರ ಮತ. ಒಬ್ಬ ಮೇಷ್ಟ್ರಿಗೆ ಇದು ಸುಲಭವಾಗಿ ತಿಳಿಯಬೇಕಾದ ಮಾತು. ಪಾಠ, ಅಭ್ಯಾಸ, ನಿಘಂಟು, ಟಿಪ್ಪಣಿ ಬೇರೆ ಬೇರೆಯೆಂದು ನಮಗೆ ಗೊತ್ತಿಲ್ಲವೇ? ಮಾರ್ಚ್ ಕೊನೆಯ ದಿನ ಗುಂಡಿಯ ಮುಂದೆ ಕುಳಿತವಳಿಗೆ ಬೇಕಾಗಿದ್ದದ್ದು ಎರಡನೆಯ ಬಗೆ ಮಾತ್ರ. ನಾನು ಕೊಟ್ಟದ್ದು ನಾಲ್ಕನೆಯದು.

ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಕಲಿಸಿದವಳು ಆ ವಿದ್ಯಾರ್ಥಿನಿಯೇ. ನಾವಿಬ್ಬರೂ ಸೇರಿ ಹೊಸದಾಗಿ ನಾಲ್ಕು ಪುಟ ಬರೆದೆವು. ಅವಳನ್ನು ಗಣಕದ ಮುಂದೆ ಕೂರಿಸಿ, ಬರೆದದ್ದನ್ನು ಕೈಗೆ ಕೊಟ್ಟು, ನಾವು ಹಿಂದೆ ಬಾಯಿ ಮುಚ್ಚಿ ಕುಳಿತೆವು. ಬಾಯಿ ಮುಚ್ಚುವುದೇ ನನಗೆ ಕಷ್ಟವಾಯಿತು. ಎರಡನೆಯ ಸಾಲಿನಲ್ಲಿಯೇ ಅವಳು ನಿಂತಳು. "ಇಲ್ಲಿ 'ಒತ್ತಿ' ಅಂದೀರಿ, ಮುಂದ 'ಅದುಮಿ' ಅಂದೀರಿ, ಅದರ ಮುಂದ 'ಆಯ್ಕೆ ಮಾಡಿ', 'ಕ್ಲಿಕ್ಕಿಸಿ' ಅಂದೀರಿ. ಇವು ನಾಲ್ಕು ಬ್ಯಾರೆ ಬ್ಯಾರೆ ಏನ್ರಿ?" ಎಂದು ಕೇಳಿದಳು. ಪುನರುಕ್ತಿದೋಷಕ್ಕೆ ಹೆದರಿ ಒಂದೇ ಕ್ರಿಯೆಗೆ ನಾಲ್ಕು ಪದ ಬಳಸಿದವನು ನಾನು. ಕಾವ್ಯದಲ್ಲಿ ಅದು ಸೊಬಗು. ಲೆಕ್ಕದ ಯಂತ್ರದ ಮುಂದೆ ಅದು ಬಲೆ. ಒಂದು ವಸ್ತುವಿಗೆ ಒಂದೇ ಹೆಸರು, ಮೊದಲಿನಿಂದ ಕೊನೆಯವರೆಗೂ. ಪರದೆಯ ಮೇಲೆ ಏನಿದೆಯೋ ಹಾಳೆಯ ಮೇಲೂ ಅದೇ. 'ಉಳಿಸಿ' ಹೋಗಿ ಮತ್ತೆ 'ಸೇವ್' ಬಂದಿತು. ಕನ್ನಡದ ಮೇಷ್ಟ್ರಾಗಿ ಅದನ್ನು ಒಪ್ಪಲು ನನಗೆ ಒಂದು ದಿನ ಹಿಡಿಯಿತು. ಬ್ಯಾಂಕು, ಪಾಸ್‌ಬುಕ್ಕುಗಳಂತೆ ಅದೂ ಅವಳ ಕನ್ನಡವೇ ಆಗಿತ್ತು.

ಆಮೇಲೆ ಅವಳು ನನ್ನ ಮೇಜಿನ ಮೇಲಿದ್ದ ಪೆನ್ನನ್ನು ಕೇಳಿ ತೆಗೆದುಕೊಂಡು, ತನಗೆ ಬೇಡವಾದ ಸಾಲುಗಳಿಗೆ ಗೀಟು ಹಾಕುತ್ತ ಹೋದಳು. ನಾಲ್ಕು ಪುಟ ಒಂದು ಪುಟವಾಯಿತು. ಅದು ಕೆಂಪು ಶಾಯಿಯ ಪೆನ್ನೆಂಬುದನ್ನು ಅವಳು ಗಮನಿಸಲಿಲ್ಲ, ನಾನು ಗಮನಿಸಿದೆ. ಉಳಿದ ಪುಟ ಹೀಗಿತ್ತು:

ಸಂಘದ ಲೆಕ್ಕ: ತಿಂಗಳ ಕೆಲಸ. ಮೂರನೆಯ ಆವೃತ್ತಿಗೆ.

ಮಾರ್ಚ್ ಕೊನೆಗೆ ಎಚ್ಚರಿಕೆ: ಎಲ್ಲ ಹೆಸರುಗಳ ಮುಂದೆ ಹಸಿರು ಗುರುತು ಬರುವವರೆಗೂ, ಪೆನ್‌ಡ್ರೈವಿಗೆ ನಕಲು ಆಗುವವರೆಗೂ 'ಹೊಸ ವರ್ಷ' ಒತ್ತಬೇಡಿ. ಅಳಿದ ಲೆಕ್ಕ ಮರಳಿ ಬರುವುದಿಲ್ಲ.

1. ಸಂಘದ ಹೆಸರನ್ನು ಒತ್ತಿ. ಸದಸ್ಯರ ಪಟ್ಟಿ ಬರುತ್ತದೆ.

2. ಸದಸ್ಯೆಯ ಹೆಸರನ್ನು ಒತ್ತಿ. ಉಳಿತಾಯವನ್ನು ಮೊದಲ ಮನೆಯಲ್ಲಿ, ಸಾಲದ ಕಂತನ್ನು ಎರಡನೆಯ ಮನೆಯಲ್ಲಿ ಬರೆಯಿರಿ. ಉದಾಹರಣೆ: ಉಳಿತಾಯ 50, ಕಂತು 500.

3. 'ಸೇವ್' ಒತ್ತಿ. ಹೆಸರಿನ ಮುಂದೆ ಹಸಿರು ಗುರುತು ಬರುತ್ತದೆ. ಬರದಿದ್ದರೆ ಲೆಕ್ಕ ಸೇರಿಲ್ಲ; ಮತ್ತೆ ಒತ್ತಿ.

4. ಎಲ್ಲರದೂ ಮುಗಿದ ಮೇಲೆ ಕೆಳಗಿನ ಮೊತ್ತವನ್ನು ಪೆಟ್ಟಿಗೆಯ ಹಣದೊಂದಿಗೆ ತಾಳೆ ನೋಡಿ.

5. ಪೆನ್‌ಡ್ರೈವ್ ಹಾಕಿ 'ನಕಲು' ಒತ್ತಿ.

ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಫೋನ್ ಮಾಡಿ.

ಎಚ್ಚರಿಕೆ ಮೊದಲು ಬಂದದ್ದು ಅವಳ ಹಟದಿಂದ. "ಎಣ್ಣಿ ಡಬ್ಬಿ ಮ್ಯಾಲ ಮೊದಲ ಕೆಂಪು ಇರ್ತೈತಲ್ರಿ" ಎಂದಳು. ನಮ್ಮ ಕಡೆ ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಔಷಧಿಗೆ 'ಎಣ್ಣೆ' ಎನ್ನುತ್ತಾರೆ. ಅದರ ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತಿರುತ್ತದೆ: ಕೆಂಪಾದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಒಳಗಿನ ಸಣ್ಣ ಅಕ್ಷರದ ಚೀಟಿಯನ್ನು ಓದಲಾರದವನೂ ಆ ಬಣ್ಣವನ್ನು ಓದಬಲ್ಲನು.

ಆ ಪುಟವನ್ನು ನೋಡಿದ ಮೇಲೆ ಬೆಂಗಳೂರಿನವನು ಬಹಳ ಹೊತ್ತು ಸುಮ್ಮನಿದ್ದನು. ಅನಂತರ, "ಸರ್, ಈ ಎಚ್ಚರಿಕೆ ಬರೀಬೇಕಾಗೇತಿ ಅಂದ್ರ ತಪ್ಪು ನಂದೂ ಐತ್ರಿ. ಹಸಿರು ಗುರುತು ಇಲ್ದಿದ್ರ ಗುಂಡಿ ಒತ್ತಾಕ ಬರಬಾರದು" ಎಂದನು. ಅಂದಿನ ರಾತ್ರಿಯೇ ಕುಳಿತು ತಿದ್ದಿದನು. ಕರಡು ಉಳಿದಿದ್ದರೆ ಆ ಗುಂಡಿ ಈಗ ಕೆಲಸವನ್ನೇ ಮಾಡುವುದಿಲ್ಲ. ಯಾರ ಹೆಸರಿನಲ್ಲಿ ಕರಡು ಉಳಿದಿದೆಯೆಂದು ತೋರಿಸುತ್ತದೆ. ನಕಲನ್ನೂ ತಾನೇ ಮಾಡಿಕೊಳ್ಳುತ್ತದೆ. ಬರಹದಿಂದ ಮುಚ್ಚಬೇಕಾದ ಗುಂಡಿಗಳಲ್ಲಿ ಕೆಲವನ್ನು ಮಣ್ಣಿನಿಂದಲೇ ಮುಚ್ಚಬಹುದು. ಆಗ ಬರಹ ಇನ್ನಷ್ಟು ಚಿಕ್ಕದಾಗುತ್ತದೆ. ಬರೆಯುವವನು ಇದನ್ನು ಮಾಡಿದವನಿಗೆ ತಿಳಿಸಬೇಕು. ನಾನು 31 ಪುಟ ಬರೆಯುವಾಗ ಹತ್ತೊಂಬತ್ತನೆಯ ಪುಟದ ವಾಕ್ಯ ತೊಡಕೆನಿಸಿದಾಗಲೇ ಅವನಿಗೆ ಒಂದು ಮಾತು ಹೇಳಿದ್ದರೆ ಆ ಹನ್ನೊಂದು ಸಂಜೆಗಳೂ ಬೇಕಾಗುತ್ತಿರಲಿಲ್ಲ, ಒಂದು ಓಣಿಯ ಮಾತೂ ನಿಲ್ಲುತ್ತಿರಲಿಲ್ಲ.

ಅಂದಿನಿಂದ ಅವನದೊಂದು ನಿಯಮ. ತಂತ್ರಾಂಶವನ್ನು ತಿದ್ದಿದ ದಿನವೇ ಅದರ ಬರಹವನ್ನೂ ತಿದ್ದುವುದು. ಎರಡನ್ನೂ ಒಂದೇ ಕಡೆ ಇಡುವುದು. ಸುಳ್ಳಾದ ಸಾಲನ್ನು ಅಂದೇ ಅಳಿಸುವುದು. ಹಳೆಯದಾದ ಬರಹ, ಬರಹವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಲ್ಲದಿದ್ದರೆ ಜನ ಕೇಳಿ ತಿಳಿಯುತ್ತಾರೆ, ಇದ್ದರೆ ನಂಬಿ ಕೆಡುತ್ತಾರೆ.

ಇಷ್ಟೆಲ್ಲ ಹೇಳಿದವನು ಈ ಲೇಖನವನ್ನೇ ಇಷ್ಟುದ್ದ ಬರೆದಿದ್ದಾನಲ್ಲ ಎಂದು ನೀವು ನಗಬಹುದು. ನಗಿರಿ. ಇದು ಕೈಪಿಡಿಯಲ್ಲ, ಮುದುಕನ ಮಾತು. ಬಿಡುವಿದ್ದವರು ಓದುತ್ತಾರೆ. ಗುಂಡಿಯ ಮುಂದೆ ಬೆರಳು ಹಿಡಿದು ಕುಳಿತವರಿಗೆ ಬಿಡುವಿರುವುದಿಲ್ಲ.

ತಂತ್ರಾಂಶದ ಕೆಲಸದಲ್ಲಿರುವ ನನ್ನ ಶಿಷ್ಯರಲ್ಲಿ ಒಂದು ಬೇಡಿಕೆ. ನೀವು ಬರೆದದ್ದನ್ನು ಯಾರಿಗಾದರೂ ಓದಿಸಿ ನೋಡಬೇಕೆನಿಸಿದರೆ ನನಗೆ ಕಳುಹಿಸಿ. ನನಗೆ ಏನೂ ತಿಳಿಯದು. ಆ ಅರ್ಹತೆ ನನಗಿದೆ. ಎಲ್ಲಿ ನಿಂತೆನೋ ಅಲ್ಲಿ ಗುರುತು ಹಾಕಿ ಕಳುಹಿಸುತ್ತೇನೆ. ಆದರೆ ಈ ಸಲ ಉದ್ದಕ್ಕೆ ಅಂಕವಿಲ್ಲ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಆ ಪುಟ ಗಣಕದ ಪಕ್ಕದ ಗೋಡೆಯ ಮೇಲಿದೆ, ಅಂಚು ಹಳದಿಯಾಗಿದೆ. ಮೇಲಿನ ಎಚ್ಚರಿಕೆಗೆ ಅವಳು ಅಡ್ಡಗೀಟು ಎಳೆದು, ಇನ್ನು ಬೇಡ ಎಂದು ಬರೆದು ದಿನಾಂಕ ಹಾಕಿದ್ದಾಳೆ. ಅವಳ ಮಗಳು ಈಗ ದೇವದುರ್ಗದಲ್ಲಿ ಕಾಲೇಜು ಓದುತ್ತಿದ್ದಾಳೆ. ರಜೆಗೆ ಬಂದಾಗ ತಾಯಿಯ ಬದಲು ಅವಳೇ ಲೆಕ್ಕ ಹಾಕುತ್ತಾಳೆ. ಯಾರು ಕಲಿಸಿದರೆಂದು ಕೇಳಿದೆ. ಗೋಡೆಯನ್ನು ತೋರಿಸಿದಳು.